ವಾಪಸ್ ದಿಣ್ಣೆಯ ಫಲಕ

ನಮ್ಮೂರಿನ ಓಣಿ, ದಿಣ್ಣೆ, ಹಳ್ಳಗಳ ಹೆಸರಿನ ಬಗ್ಗೆ ಏನು ಬೇಕಿದ್ದರೂ ನನ್ನ ಹತ್ತಿರವೇ ಬರಬೇಕು. ಇದು ನಾನು ಕೊಚ್ಚಿಕೊಳ್ಳುವ ಮಾತಲ್ಲ, ಜಿಲ್ಲಾ ಕಚೇರಿಯವರೇ ಹೇಳುವ ಮಾತು. ನಮ್ಮೂರ ಹೆಸರು ಮುಕ್‌ಗೋಲ್, ಅಂದರೆ ಮಸಿಯ ಕಣಿವೆ. ಕಲ್ಲಿದ್ದಲು ಅಗೆಯಲು ಶುರುಮಾಡುವುದಕ್ಕೆ ಎಷ್ಟೋ ಮುಂಚೆಯೇ ನಮ್ಮ ಹಳ್ಳ ಮಳೆ ಬಂದಾಗೆಲ್ಲ ಕಪ್ಪಗೆ ಹರಿಯುತ್ತಿತ್ತು, ಅದಕ್ಕೆ ಆ ಹೆಸರು. ಒಮ್ಮೆ ರಾಜಧಾನಿ ಸೋಲ್‌ನಿಂದ ಒಬ್ಬ ಪ್ರೊಫೆಸರ್ ಬಂದು, ಇಲ್ಲ, ಹಿಂದೆ ಇಲ್ಲಿ ಪಂಡಿತರು ಬರೆಯುವ ಮಸಿ ತಯಾರಿಸುತ್ತಿದ್ದರು ಅಂದ. ಪಂಡಿತರಂತೆ! ಆಲೂಗಡ್ಡೆ, ಮೆಕ್ಕೆಜೋಳ ಬಿಟ್ಟರೆ ಇನ್ನೇನೂ ಬೆಳೆಯದ ಈ ಗುಡ್ಡದಲ್ಲಿ ಮೂಗು ಸುರಿಸಿಕೊಂಡು ಯಾವ ಪಂಡಿತ ಕೂತಿರುತ್ತಾನೆ? ಹಾಗೆಂದು ಅವನ ಮುಖಕ್ಕೇ ಹೇಳಿ ಕಳಿಸಿದೆ.

ನನ್ನ ಹೆಸರು ಪ್ಯೋ ದೊಕ್ಸು. ವಯಸ್ಸು ಎಪ್ಪತ್ತೇಳು. ಗಣಿ ಮುಚ್ಚುವ ತನಕ ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ ನನ್ನದು. ಗಣಿ ಮುಚ್ಚಿದ ಮೇಲೆ ಸಿಡಿಸಲು ಏನೂ ಉಳಿಯಲಿಲ್ಲ, ಬರೆಯಲು ಕೂತೆ. ‘ಮುಕ್‌ಗೋಲಿನ ಸ್ಥಳನಾಮಗಳು’ ಅಂತ ನೂರಾ ಹನ್ನೆರಡು ಪುಟದ ಪುಸ್ತಕ. ಸ್ನಾನದಮನೆ ಓಣಿಯಲ್ಲಿ ಈಗ ಸ್ನಾನದಮನೆ ಇಲ್ಲ, ಆದರೆ ಪಾಳಿ ಮುಗಿಸಿದ ಮುನ್ನೂರು ಜನ ಅಲ್ಲಿ ಮೈ ತೊಳೆದು ಹಳ್ಳವನ್ನು ಮತ್ತೊಂದು ಸಲ ಕಪ್ಪು ಮಾಡುತ್ತಿದ್ದರು. ಹಂದಿ ಮೂಲೆಯಲ್ಲಿ ಹಂದಿಮಾಂಸದ ಅಂಗಡಿಗಳು ಐದಿದ್ದವು, ಕೊಬ್ಬು ತಿಂದರೆ ಗಂಟಲಿನ ಧೂಳು ಜಾರಿ ಹೋಗುತ್ತದೆ ಅಂತ ನಮ್ಮ ನಂಬಿಕೆ. ಇವೆಲ್ಲ ಸತ್ಯ. ಪುಸ್ತಕದಲ್ಲಿ ಮುಕ್ಕಾಲು ಪಾಲು ಸತ್ಯವೇ.

ಉಳಿದ ಕಾಲು ಪಾಲಿನಲ್ಲಿ ವಾಪಸ್ ದಿಣ್ಣೆ ಇದೆ. ಗಣಿಯ ಮನೆಸಾಲುಗಳಿಂದ ಸುರಂಗಕ್ಕೆ ಹತ್ತುವ ರಸ್ತೆ ಒಂದು ಕಡೆ ಸೊಟ್ಟಗೆ ತಿರುಗುತ್ತದಲ್ಲ, ಅದೇ. ಆ ಹೆಸರಿಗೆ ನಾನು ಬರೆದದ್ದು ಹೀಗೆ: ಪೂರ್ವಕಾಲದಲ್ಲಿ ಒಬ್ಬ ಸೇನಾಧಿಪತಿ ಸಾವಿರ ಕುದುರೆಗಳೊಂದಿಗೆ ಬಂದು, ಹಿಮ ಬೀಳುವುದನ್ನು ಕಂಡು, ಸೈನಿಕರ ಮೇಲೆ ಕರುಣೆ ಹುಟ್ಟಿ ಇಲ್ಲಿಂದಲೇ ವಾಪಸ್ ತಿರುಗಿದ. ‘ಹಿರಿಯರು ಹೇಳಿದ್ದು’ ಅಂತ ಕೆಳಗೆ ಟಿಪ್ಪಣಿ ಬೇರೆ. ಆ ಹಿರಿಯರು ಯಾರು ಅಂದರೆ ನಾನೇ. ಅಡುಗೆಮನೆಯಲ್ಲಿ ಕೂತು ಮಧ್ಯಾಹ್ನ ಒಂದು ಗಂಟೆಯಲ್ಲಿ ಹುಟ್ಟಿಸಿದ ಸೇನಾಧಿಪತಿ ಅವನು.

ಈ ವಸಂತದಲ್ಲಿ ಜಿಲ್ಲಾ ಕಚೇರಿಯಿಂದ ಯೆರಿನ್ ಎಂಬ ಹುಡುಗಿ ಬಂದಳು. ಪ್ರವಾಸಿಗರಿಗಾಗಿ ಊರಿನ ಹನ್ನೆರಡು ಕಡೆ ಕಬ್ಬಿಣದ ಕಂಬ ನೆಟ್ಟು, ಒಂದೊಂದರ ಮೇಲೂ ಆ ಜಾಗದ ಹೆಸರು ಹೇಗೆ ಬಂತು ಎಂಬ ಫಲಕ ಹಾಕುತ್ತಾರಂತೆ. ಊರಿನ ಸಭಾಮನೆಯಲ್ಲಿ ಸೋಮವಾರ ಮೊದಲ ಸಭೆ, ಅಧ್ಯಕ್ಷ ನಾನೇ. ಬೆಚ್ಚಗಿನ ನೆಲದ ಮೇಲೆ ನಾವು ಮುದುಕ ಮುದುಕಿಯರು ಚಕ್ಕಳಮಕ್ಕಳ ಹಾಕಿ ಕೂತಿದ್ದೆವು. ಹನ್ನೊಂದು ಹೆಸರು ಸರಸರ ಮುಗಿದವು. ಹನ್ನೆರಡನೆಯದಕ್ಕೆ ಬಂದಾಗ ಯೆರಿನ್ ನನ್ನ ಪುಸ್ತಕ ತೆರೆದು ಕೇಳಿದಳು.

“ಅಧ್ಯಕ್ಷರೇ, ಈ ಸೇನಾಧಿಪತಿಯ ಕಥೆ ಬೇರೆ ಎಲ್ಲೂ ಸಿಗ್ತಾ ಇಲ್ವಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಬೊಂಗ್‌ಚುಲ್ ಬಾಯಿ ಹಾಕಿದ. ಬೊಂಗ್‌ಚುಲ್ ನನ್ನ ಗಣಿಯ ಕಾಲದ ಗೆಳೆಯ. ಈಗ ಚರ್ಚಿನ ಹಿರಿಯ. ಕುಡಿತದ ವಿರುದ್ಧ ತಿಂಗಳಿಗೊಂದು ಭಾಷಣ ಮಾಡುತ್ತಾನೆ.

“ಯಾವ ಸೇನಾಧಿಪತಿನೂ ಇಲ್ಲಮ್ಮ, ಯಾವ ಕುದುರೇನೂ ಇಲ್ಲ,” ಎಂದ. “ಅಲ್ಲಿಂದ ವಾಪಸ್ ತಿರುಗ್ತಾ ಇದ್ದೋರು ನಾವು, ಗಣಿಯೋರು. ಒಬ್ಬ ಅಪಶಕುನದ ಹೆಂಗಸು ಇದ್ಲು, ತೋಫು ಮಾರೋಳು. ಬೆಳಿಗ್ಗೆ ಬೆಳಿಗ್ಗೆ ಎದುರಿಗೆ ಅಡ್ಡ ದಾಟೋಳು. ಇನ್ನು ಸುರಂಗಕ್ಕೆ ಇಳಿಯೋಕಾಗುತ್ತಾ? ಶಾಸ್ತ್ರ ಅಂದ್ರೆ ಶಾಸ್ತ್ರ. ಮನೆಗೆ ವಾಪಸ್!”

ಯೆರಿನಳ ಕಣ್ಣು ಅರಳಿದವು. “ಅಯ್ಯೋ, ಇದು ನಿಜವಾದ ಗಣಿಯ ಕಥೆ! ಇದೇ ಬೇಕಿತ್ತು!” ಎಂದು ಬರೆದುಕೊಂಡಳು. ಬುಧವಾರಕ್ಕೆಲ್ಲ ಫಲಕದ ಕರಡು ನನ್ನ ಕೈ ಸೇರಿತು. ‘ಅಪಶಕುನದ ತೋಫು ಹೆಂಗಸು’ ಎಂಬ ತಲೆಬರಹ. ಕೆಳಗೆ ಚಿತ್ರ: ತಲೆಯ ಮೇಲೆ ತಟ್ಟೆ ಹೊತ್ತ, ಮೂಗು ಉದ್ದವಿರುವ ಒಬ್ಬ ಹೆಂಗಸು, ಅವಳನ್ನು ಕಂಡು ಹೆದರಿ ಓಡುತ್ತಿರುವ ಗಂಡಸರು. ಶುಕ್ರವಾರದ ಸಭೆಯಲ್ಲಿ ಎಲ್ಲರೂ ಕೈಯೆತ್ತಿದರೆ ಅದು ಕಬ್ಬಿಣಕ್ಕೆ ಹೋಗುತ್ತದೆ.

ಅದನ್ನು ನೋಡಿದವನೇ ಬೋರಲು ಹಾಕಿಟ್ಟೆ. ಯಾಕೆಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ಬೊಂಗ್‌ಚುಲ್ ಹೇಳಿದ ಶಾಸ್ತ್ರ ಇದ್ದದ್ದು ನಿಜ. ಪಾಳಿಗೆ ಹೊರಟ ಗಂಡಸಿನ ಎದುರಿಗೆ ಹೆಂಗಸು ಅಡ್ಡ ದಾಟಿದರೆ ಅವನು ಆ ದಿನ ಸುರಂಗಕ್ಕೆ ಇಳಿಯಬಾರದು. ಕಂಪನಿಯ ಮೇಲಿನವರೂ ಅದಕ್ಕೆ ತುಟಿ ಬಿಚ್ಚುತ್ತಿರಲಿಲ್ಲ. ಒತ್ತಾಯ ಮಾಡಿ ಇಳಿಸಿ, ಮೇಲಿನಿಂದ ಬಂಡೆ ಕುಸಿದರೆ ಯಾರು ಉತ್ತರ ಕೊಡುತ್ತಾರೆ? ಹಾಗಾಗಿ ಬೆಳಗಿನ ಪಾಳಿಯ ಹೊತ್ತಿಗೆ ಹೆಂಗಸರು ರಸ್ತೆ ಬದಿಯಲ್ಲಿ ನಿಂತು, ಕೊನೆಯ ಗಂಡಸು ಹೋಗುವ ತನಕ ಕಾದು ಆಮೇಲೆ ದಾಟುತ್ತಿದ್ದರು. ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ತೋಫು ಮಾಡಿ ಮಾರುವ ಒಕ್ನಾಮ್ ಅಕ್ಕನೂ ಹಾಗೆಯೇ. ಅವಳ ಮನೆ ಮೇಲ್ಕೇರಿಯಲ್ಲಿ. ಗಂಡ ಗಣಿಯ ಧೂಳು ಕುಡಿದು ಎದೆ ಕಟ್ಟಿ ಮಲಗಿದ್ದ. ಮೇಲ್ಕೇರಿಯಿಂದ ಇಳಿದು, ಆ ತಿರುವಿನಲ್ಲಿ ರಸ್ತೆ ದಾಟಿದರೆ ಎದುರಿಗೇ ಮನೆಸಾಲುಗಳಿಗೆ ಇಳಿಯುವ ಮೆಟ್ಟಿಲು. ತಲೆಯ ಮೇಲೆ ಬಿಸಿ ತೋಫಿನ ತಟ್ಟೆ ಹೊತ್ತು ಅವಳು ದಿನವೂ ಅಲ್ಲಿ ನಿಂತು ಕಾಯುತ್ತಿದ್ದಳು.

ಒಂದು ಸಂಬಳದ ಮರುದಿನ. ಹಿಂದಿನ ಸಂಜೆ ನಾವು ಐದು ಜನ ಯಾವ ಪರಿ ಕುಡಿದಿದ್ದೆವೆಂದರೆ ಬೆಳಿಗ್ಗೆ ನನಗೆ ಎರಡು ರಸ್ತೆ ಕಾಣಿಸುತ್ತಿತ್ತು. ಬೊಂಗ್‌ಚುಲ್ ತಿರುವಿನಲ್ಲಿ ನಿಂತು ಅಕ್ಕನಿಗೆ ಕೈ ಮುಗಿದ. “ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ನಮ್ಮ ಎದುರಿಗೆ ಅಡ್ಡ ದಾಟಿಬಿಡಿ. ಸುಮ್ನೆ ಮನೆಗೆ ಹೋದ್ರೆ ಹೆಂಡ್ತಿ ಪೊರಕೆ ತಗೋತಾಳೆ.”

“ಥೂ, ನಾಚಿಕೆಗೆಟ್ಟವ್ನೆ,” ಎಂದು ಅವಳು ನಕ್ಕಳು. ಆಮೇಲೆ ನನ್ನ ಕೈ ನೋಡಿದಳು. ನನ್ನ ಕೈ ಗಡಗಡ ನಡುಗುತ್ತಿತ್ತು. ಅವಳ ನಗು ನಿಂತಿತು. “ದೊಕ್ಸು, ಈ ಕೈಯಲ್ಲಿ ಮದ್ದು ಮುಟ್ತೀಯಾ? ನಿನ್ನ ಜೊತೆ ಇನ್ನೂ ಹತ್ತು ಜನರನ್ನ ಸುಡ್ತೀಯಾ?” ಎಂದವಳೇ, ತಲೆಯ ಮೇಲಿನ ತಟ್ಟೆ ಹಿಡಿದು ರಸ್ತೆ ದಾಟಿಬಿಟ್ಟಳು.

ನಾವು ಐವರೂ ವಾಪಸ್ ತಿರುಗಿದೆವು. ಅವಳ ತೋಫನ್ನೆಲ್ಲ ಕೊಂಡು, ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಯ ಜೊತೆ ತಿಂದು, ಸಂಜೆಯ ತನಕ ನಿದ್ದೆ ಹೊಡೆದೆವು. ಎಂಥ ಸುಖ! ಸುಖದ ರುಚಿ ಸಿಕ್ಕರೆ ಬಿಡುತ್ತೇವೆಯೇ? ಮುಂದಿನ ತಿಂಗಳೂ ಅದೇ, ಅದರ ಮುಂದಿನ ತಿಂಗಳೂ ಅದೇ. ಅವಳು ಬೈಯುತ್ತಲೇ ದಾಟುತ್ತಿದ್ದಳು. ನನ್ನ ಕೈ ನೋಡದೆ ಒಂದು ದಿನವೂ ದಾಟಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ಆದರೆ ನಮ್ಮ ಹಿಂದೆ ಬರುತ್ತಿದ್ದ ಮೂವತ್ತು ಜನಕ್ಕೆ ಈ ಒಳಗುಟ್ಟು ಏನು ಗೊತ್ತು? ಅವರು ನಿಜವಾಗಿಯೂ ಹೆದರಿ ವಾಪಸ್ ಹೋಗುತ್ತಿದ್ದರು. ಕೂಲಿ ತಪ್ಪಿತೆಂದು ಅವರ ಹೆಂಡಿರು ಬೆಂಕಿಯಾದರು. ಕಲ್ಲಿದ್ದಲು ಕಡಿಮೆಯಾಯಿತೆಂದು ಮ್ಯಾನೇಜರ್ ಬೆಂಕಿಯಾದ. ಎಲ್ಲರ ಬೆಂಕಿಯೂ ಹೋಗಿ ಬಿದ್ದದ್ದು ಒಕ್ನಾಮ್ ಅಕ್ಕನ ಮೇಲೆ. ಅಪಶಕುನದವಳು, ಬೇಕೆಂದೇ ದಾಟುತ್ತಾಳೆ, ಗಂಡನ ಎದೆ ಕಟ್ಟಿದ್ದೂ ಅವಳ ಕಾಲ್ಗುಣದಿಂದಲೇ ಎಂದರು. ಬೆಳಿಗ್ಗೆ ಎಂಟರ ಮೊದಲು ಅವಳು ದೊಡ್ಡ ರಸ್ತೆಗೆ ಕಾಲಿಡಕೂಡದು ಎಂದು ಕಂಪನಿ ಅಪ್ಪಣೆ ಮಾಡಿತು. ಎಂಟರ ಮೇಲೆ, ಬೆಳಗಿನ ಊಟ ಮುಗಿದ ಹೊತ್ತಿಗೆ ಬಂದರೆ ಯಾರ ಮನೆಯಲ್ಲಿ ತೋಫು ಕೊಳ್ಳುತ್ತಾರೆ? ಅವಳು ಗುಡ್ಡದ ನೆತ್ತಿಯ ಮೇಲಿನ ಕಾಲುದಾರಿಯಲ್ಲಿ ಸುತ್ತಿ ಬರತೊಡಗಿದಳು. ಗಣಿ ಮುಚ್ಚುವ ತನಕ, ಹದಿನಾಲ್ಕು ವರ್ಷ.

ನಾವು ಐವರು ಏನು ಮಾಡಿದೆವು? ಏನೂ ಮಾಡಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆವು. ಐವರಲ್ಲಿ ಮೂವರು ಈಗ ಇಲ್ಲ. ಉಳಿದವರು ನಾನು ಮತ್ತು ಬೊಂಗ್‌ಚುಲ್. ಅವನಂತೂ ಐವತ್ತು ವರ್ಷದಲ್ಲಿ ತಾನು ಹೇಳಿದ ಸುಳ್ಳನ್ನು ತಾನೇ ನಂಬಿಬಿಟ್ಟಂತಿದ್ದಾನೆ.

ಗುರುವಾರ ಬೆಳಿಗ್ಗೆ ನನ್ನ ಹೆಂಡತಿ ಮಾಲ್ಸುನ್ ಮಾರುಕಟ್ಟೆಗೆ ಹೋಗಿದ್ದಳು. ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಒಕ್ನಾಮ್ ಅಕ್ಕ. ಎಂಬತ್ತೈದು ವರ್ಷ, ಬೆನ್ನು ಬಿಲ್ಲಿನಂತೆ ಬಾಗಿದೆ. ಈಗಲೂ ವಾರಕ್ಕೆ ಎರಡು ಸಲ ತೋಫು ಮಾಡುತ್ತಾಳೆ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸ್ತಿಲಾಚೆಯ ಜಗಲಿಯ ತುದಿಯಲ್ಲಿ ಕೂತಳು.

“ಚಿತ್ರ ನೋಡ್ದೆ ದೊಕ್ಸು,” ಎಂದಳು. “ಆ ಹುಡುಗಿ ನನ್ನ ಮನೆಗೂ ಬಂದು ತೋರಿಸಿದ್ಲು. ಖುಷಿಯಾಗುತ್ತೆ ಅಂದ್ಕೊಂಡಿದ್ಲು ಪಾಪ. ನನ್ನ ಮೂಗು ಅಷ್ಟುದ್ದ ಇದೆಯೇನೋ?”

“ಇಲ್ಲ ಅಕ್ಕ.”

“ಮೂಗು ಹೋಗ್ಲಿ ಬಿಡು. ಬಾಯಲ್ಲಿ ಅಂದಿದ್ದು ಗಾಳಿಗೆ ಹೋಗುತ್ತೆ ಅಂತ ಇಷ್ಟು ವರ್ಷ ತಡ್ಕೊಂಡೆ. ಇದು ಕಬ್ಬಿಣ ಕಣೋ. ನಾನು ಸತ್ತ ಮೇಲೂ ನಿಂತಿರುತ್ತೆ. ನನ್ನ ಮೊಮ್ಮಗಳ ಮಗು ಈ ವರ್ಷ ಅಕ್ಷರ ಕಲ್ತಿದೆ. ಕಂಡ ಕಂಡ ಬೋರ್ಡೆಲ್ಲ ಜೋರಾಗಿ ಓದ್ತಾ ಬರುತ್ತೆ.”

ನಾನು ಹೊಸ್ತಿಲ ಮೇಲೆ ಕೂತೆ.

“ನೀವೇ ಸಭೇಲಿ ಹೇಳ್ಬಿಡಿ ಅಕ್ಕ, ನಡೆದಿದ್ದನ್ನ.”

“ನಾನು ಹೇಳ್ದೆ ಬಿಟ್ಟಿದೀನಾ? ಮ್ಯಾನೇಜರ್‌ಗೆ ಹೇಳ್ದೆ, ಮನೆ ಮನೆ ಹೆಂಗಸರಿಗೆ ಹೇಳ್ದೆ. ತಪ್ಪು ಮಾಡಿದೋಳು ಇನ್ನೇನು ಹೇಳ್ತಾಳೆ ಅಂದ್ರು. ವಾಪಸ್ ತಿರುಗಿದ ಗಂಡಸು ಹೇಳ್ಬೇಕು. ನೀನು ಹೇಳ್ತೀಯಾ?”

“ನೋಡೋಣ ಅಕ್ಕ, ಏನಾದ್ರೂ ಮಾಡ್ತೀನಿ,” ಎಂದೆ. ಅವಳು ತಂದಿದ್ದ ಬಿಸಿ ತೋಫನ್ನು ಜಗಲಿಯ ಮೇಲಿಟ್ಟು ಹೋದಳು. ಅದನ್ನು ತಿನ್ನಲೂ ಆಗದೆ, ಮಾಲ್ಸುನ್‌ಗೆ ಕಾಣದಂತೆ ಎಲ್ಲಿಡಬೇಕೆಂದೂ ತಿಳಿಯದೆ ಒದ್ದಾಡಿದೆ. ಕೊನೆಗೆ ಪೂರ್ತಿ ತಿಂದೆ. ತುಂಬಾ ಚೆನ್ನಾಗಿತ್ತು, ಅದೇ ಇನ್ನೂ ಸಂಕಟ.

ನನಗೆ ಹೆದರಿಕೆ ಇದ್ದದ್ದು ಊರಿನದ್ದಲ್ಲ, ಮಾಲ್ಸುನ್‌ಳದ್ದು. ನಾನು ಒಂದು ದಿನವೂ ಕುಡಿದು ಪಾಳಿ ತಪ್ಪಿಸಿದವನಲ್ಲ ಎಂದು ಅವಳು ತನ್ನ ತಂಗಿಯರ ಮುಂದೆಲ್ಲ ಹೇಳಿಕೊಂಡು ಬಂದಿದ್ದಾಳೆ. ನನ್ನ ವಿಷಯದಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಳ್ಳುವುದು ಅದೊಂದೇ.

ಮಧ್ಯಾಹ್ನ ಬೊಂಗ್‌ಚುಲ್‌ನ ಮನೆಗೆ ಹೋದೆ. ಮೆಣಸಿನ ಸಸಿಗೆ ನೀರು ಹಾಕುತ್ತಿದ್ದ.

“ಲೋ, ಆ ಫಲಕದಲ್ಲಿ ಇರೋದು ಸುಳ್ಳು ಅಂತ ನಿಂಗೆ ಗೊತ್ತಲ್ಲ,” ಎಂದೆ.

“ಯಾವ ಸುಳ್ಳು? ಅವ್ಳು ದಾಟ್ಲಿಲ್ವಾ? ನಾವು ತಿರುಗ್ಲಿಲ್ವಾ?”

“ಕೈ ಮುಗಿದು ದಾಟಿಸ್ದೋನು ನೀನು.”

“ಶ್! ಮೆತ್ತಗೆ ಮಾತಾಡೋ ಮಾರಾಯ! ಒಳಗೆ ಸೊಸೆ ಇದಾಳೆ,” ಎಂದು ನೀರಿನ ಪೈಪನ್ನು ನನ್ನ ಕಾಲ ಮೇಲೇ ಬಿಟ್ಟ. “ಭಾನುವಾರ ಕುಡಿತದ ಮೇಲೆ ನನ್ನ ಭಾಷಣ ಇದೆ. ಈಗ ಹೋಗಿ ಇದನ್ನ ಹೇಳು ಅಂತೀಯಲ್ಲ? ಅಷ್ಟು ಧೈರ್ಯ ಇದ್ರೆ ನೀನೇ ಹೇಳು, ಸೇನಾಧಿಪತಿ!”

ಒದ್ದೆ ಕಾಲಿನಲ್ಲಿ ಮನೆಗೆ ಬಂದೆ. ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ನಿಜ ಹೇಳುವುದಕ್ಕಿಂತ ನನ್ನ ಸೇನಾಧಿಪತಿಯನ್ನು ಇನ್ನೊಂದಿಷ್ಟು ಗಟ್ಟಿಮಾಡಿ ನಿಲ್ಲಿಸಿದರಾಯಿತು. ಅವನು ಫಲಕ ಹತ್ತಿದರೆ ಅಕ್ಕ ಇಳಿಯುತ್ತಾಳೆ. ಯಾರಿಗೂ ನೋವಿಲ್ಲ, ನನಗಂತೂ ಮೊದಲೇ ಇಲ್ಲ. ಹೇಡಿಗೆ ಉಪಾಯಗಳು ಎಷ್ಟು ಬೇಗ ಹೊಳೆಯುತ್ತವೆ ನೋಡಿ.

ಶುಕ್ರವಾರ ಸಭಾಮನೆ ತುಂಬಿತ್ತು. ಮಾಲ್ಸುನ್ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗೂ ಕಾಫಿ ಕಲಸಿ ಕೊಡುತ್ತಿದ್ದಳು. ಒಕ್ನಾಮ್ ಅಕ್ಕ ಹಿಂದೆ, ಚಪ್ಪಲಿ ಬಿಡುವ ಬಾಗಿಲಿನ ಪಕ್ಕ ಕೂತಿದ್ದಳು. ಅವಳಿಗೆ ಕಾಫಿ ಹೋಗಲಿಲ್ಲ. ಯೆರಿನ್ ಫಲಕದ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು. ಜನ ನಕ್ಕರು.

ನಾನು ಎದ್ದು ಗಂಟಲು ಸರಿಮಾಡಿಕೊಂಡೆ. “ಇದು ಸರಿಯಲ್ಲ. ಸೇನಾಧಿಪತಿಯ ಕಥೆಯೇ ಹಳೇದು. ಅವನ ಹೆಸರೂ ನನಗೆ ಸಿಕ್ಕಿದೆ,” ಎಂದು ಬಾಯಿಗೆ ಬಂದ ಒಂದು ಹೆಸರು ಹೇಳಿದೆ.

ಈಗಿನ ಮಕ್ಕಳ ಕೈಯಲ್ಲಿ ಫೋನು ಇರುತ್ತದೆಂದು ನಾನು ಮರೆತಿದ್ದೆ. ಯೆರಿನ್ ಬೆರಳಾಡಿಸಿ ನೋಡಿ, ಪಾಪ, ಮೆಲ್ಲಗೆ ಹೇಳಿದಳು. “ಅಧ್ಯಕ್ಷರೇ, ಈ ಹೆಸರಿನೋರು ಒಬ್ರು ಇದ್ರು. ಆದ್ರೆ ಅವ್ರು ನೌಕಾಪಡೆಯೋರು.”

“ಹಡಗು ತಿರುಗಿಸೋಕೆ ಬಂದಿದ್ನೇನೋ ನಮ್ಮ ದಿಣ್ಣೆಗೆ!” ಎಂದ ಬೊಂಗ್‌ಚುಲ್. ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಆಗ ಮಾಲ್ಸುನ್ ಎದ್ದಳು. ನನ್ನನ್ನು ಕಾಪಾಡಲು ಎದ್ದಳೆಂದುಕೊಂಡೆ.

“ಸಾಕು ಕೂತ್ಕೊಳ್ಳಿ ಮೀಸುಕ್ ಅಪ್ಪ,” ಎಂದಳು. ನಮ್ಮ ಮಗಳು ಮೀಸುಕ್. ಮೂವತ್ತೈದು ವರ್ಷದಿಂದ ನನ್ನನ್ನು ಹಾಗೆಯೇ ಕರೆಯುವುದು. “ಬೊಂಗ್‌ಚುಲ್ ಅಣ್ಣ ಹೇಳಿದ್ದೇ ನಿಜ. ಅದನ್ನೇ ಬರೀಲಿ. ಒಬ್ಬಳಿಂದ ಮೂವತ್ತು ಮನೆಯೋರು ಕೂಲಿ ಕಳ್ಕೊಂಡ್ವಿ. ಅವಳು ನಮ್ಮ ಬಾಗಿಲ ಮುಂದೆ ಹಾದು ಹೋದಾಗೆಲ್ಲ ನಾನು ಹಿಂದಿನಿಂದ ಒಂದು ಹಿಡಿ ಉಪ್ಪು ಎಸೀತಿದ್ದೆ, ಆ ಕೆಟ್ಟದ್ದು ನಮ್ಮನೆಗೆ ಹತ್ತದಿರಲಿ ಅಂತ. ಹದಿನಾಲ್ಕು ವರ್ಷ ಎಸೆದಿದೀನಿ. ನನ್ನ ಗಂಡ ಸುರಂಗದಿಂದ ಜೀವಂತ ಬಂದಿದ್ದು ಆ ಉಪ್ಪಿನಿಂದ.”

ಹಿಂದೆ ಸರಕ್ಕೆಂದು ಸದ್ದಾಯಿತು. ಒಕ್ನಾಮ್ ಅಕ್ಕ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. ಯಾರನ್ನೂ ಬೈಯಲಿಲ್ಲ. ಬಾಗಿದ ಬೆನ್ನನ್ನು ಇನ್ನಷ್ಟು ಬಾಗಿಸಿ, ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದಕ್ಕೆ ಕಾಲಾಡಿಸುತ್ತಿದ್ದಳು. ನಾನು ಸುರಂಗದಿಂದ ಜೀವಂತ ಬಂದದ್ದು ಯಾರಿಂದ ಎಂದು ಆ ಇಡೀ ಮನೆಯಲ್ಲಿ ಬಲ್ಲವರು, ಬೊಂಗ್‌ಚುಲ್‌ನನ್ನು ಬಿಟ್ಟರೆ, ಇಬ್ಬರೇ, ಅವಳು ಮತ್ತು ನಾನು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

“ಅಕ್ಕಾ, ನಿಲ್ಲಿ!” ಎಂದೆ. ಸ್ವರ ಎಷ್ಟು ಜೋರಾಗಿತ್ತೆಂದರೆ ಕಾಫಿ ಕುಡಿಯುತ್ತಿದ್ದವರ ಕೈ ನಿಂತಿತು. “ಅಕ್ಕ ತಾನಾಗಿ ಒಂದು ದಿನವೂ ದಾಟ್ಲಿಲ್ಲ. ನಾವು ದಾಟಿಸಿದ್ವಿ. ಸಂಬಳದ ಸಂಜೆ ಕಂಠಮಟ್ಟ ಕುಡಿದು, ಮರುದಿನ ಪಾಳಿಗೆ ಹೋಗೋಕಾಗದೆ, ದಾಟಿ ಅಂತ ನಾವು ಐದು ಜನ ಅವರ ಕಾಲಿಗೆ ಬೀಳ್ತಿದ್ವಿ. ನನ್ನ ಕೈ ನಡುಗ್ತಿತ್ತು. ಆ ಕೈಯಲ್ಲಿ ಮದ್ದು ಮುಟ್ಟಿದ್ರೆ ನಾನೂ ಇರ್ತಿರ್ಲಿಲ್ಲ, ಇಲ್ಲಿ ಕೂತಿರೋ ಎಷ್ಟೋ ಜನರ ಅಪ್ಪಂದಿರೂ ಇರ್ತಿರ್ಲಿಲ್ಲ. ಅದಕ್ಕೇ ಅವರು ದಾಟಿದ್ದು. ಅಪಶಕುನ ಯಾರಾದ್ರೂ ಇದ್ರೆ ಅದು ನಾನು. ಇನ್ನು ಆ ಸೇನಾಧಿಪತಿ, ಅವನನ್ನ ಅಡುಗೆಮನೇಲಿ ನಾನೇ ಹುಟ್ಟಿಸಿದೆ.”

ಯೆರಿನ್ ಪೆನ್ನು ಹಿಡಿದು ಹಾಗೇ ನಿಂತಿದ್ದಳು. ಎಲ್ಲರ ಕಣ್ಣೂ ಮೆಲ್ಲಗೆ ಬೊಂಗ್‌ಚುಲ್‌ನ ಕಡೆ ಹೊರಳಿದವು. ನಾವಿಬ್ಬರೂ ಆ ಕಾಲದಲ್ಲಿ ಒಂದೇ ಲೋಟದಲ್ಲಿ ಕುಡಿದವರೆಂದು ಊರಿಗೇ ಗೊತ್ತು. ಬೊಂಗ್‌ಚುಲ್ ನೆಲ ನೋಡಿದ, ಸೂರು ನೋಡಿದ. ಕಿವಿಯ ತುದಿ ಕೆಂಪಾಯಿತು.

“ನಂಗೆ,” ಎಂದ ಕೊನೆಗೆ, “ಆಗ ಇನ್ನೂ ದೀಕ್ಷಾಸ್ನಾನ ಆಗಿರ್ಲಿಲ್ಲ.”

ಎಂಥ ನಗು ಎದ್ದಿತೆಂದರೆ ಕಿಟಕಿಯ ಗಾಜು ಅದುರಿತು. ಅವನ ಸೊಸೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. ಯೆರಿನ್ ಗೋಡೆಯ ಮೇಲಿನ ಚಿತ್ರವನ್ನು ಆರಿಸಿ, ಬಾಗಿಲಿಗೆ ಹೋಗಿ ಒಕ್ನಾಮ್ ಅಕ್ಕನ ಎದುರು ಸೊಂಟ ಬಗ್ಗಿಸಿ ನಮಸ್ಕರಿಸಿ, “ಅಜ್ಜಿ, ನೀವು ಹೇಳಿ, ನಾನು ಬರ್ಕೋತೀನಿ. ನೀವು ಹೇಳಿದ್ದೇ ಫಲಕಕ್ಕೆ ಹೋಗುತ್ತೆ,” ಎಂದಳು. ಅಕ್ಕ ಒಂದೇ ಚಪ್ಪಲಿಯಲ್ಲಿ ನಿಂತು, “ಮೂಗು ಚಿಕ್ಕದು ಮಾಡು, ಮಿಕ್ಕಿದ್ದು ಆಮೇಲೆ,” ಎಂದಳು.

ನಗದೆ ಇದ್ದವಳು ಮಾಲ್ಸುನ್ ಒಬ್ಬಳೇ. ಮನೆಗೆ ಬಂದೆವು, ಮಾತಿಲ್ಲ. ಊಟಕ್ಕೆ ಬಡಿಸಿದಳು, ಮಾತಿಲ್ಲ. ಪೊರಕೆ ತೆಗೆದುಕೊಂಡಿದ್ದರೆ ಎಷ್ಟೋ ವಾಸಿ ಎನ್ನಿಸಿತು. ಮರುದಿನ ಬೆಳಿಗ್ಗೆ ಗಂಜಿ ಕುಡಿದು ಮುಗಿಸುವಾಗ ಬಾಯಿ ಬಿಟ್ಟಳು.

“ಕುಡ್ದಿದ್ದು ಹೋಗ್ಲಿ. ಪಾಳಿ ತಪ್ಪಿಸಿದ್ದೂ ಹೋಗ್ಲಿ. ನಾನು ಉಪ್ಪು ಎಸೆಯೋದನ್ನ ನೀವು ನೋಡ್ತಾ ಇದ್ರಿ. ಈ ಕಿಟಕೀಲೇ ಕೂತು ನೋಡ್ತಾ ಇದ್ರಿ. ಒಂದಿನ, ಒಂದೇ ಒಂದಿನ, ‘ಬೇಡ ಕಣೆ’ ಅನ್ನೋಕಾಗ್ಲಿಲ್ವಾ ನಿಮಗೆ?”

ನಾನು ಖಾಲಿ ಬಟ್ಟಲನ್ನು ಚಮಚದಿಂದ ಕೆರೆದೆ.

“ಏಳಿ,” ಎಂದಳು. ಹಿತ್ತಲಿನಲ್ಲಿ, ಈ ವರ್ಷದ ಕಿಮ್ಚಿಗೆಂದು ಪಶ್ಚಿಮ ಕರಾವಳಿಯಿಂದ ತರಿಸಿದ ಹೊಸ ಉಪ್ಪಿನ ಚೀಲವಿತ್ತು. ಇಪ್ಪತ್ತು ಕಿಲೋ. ಹೊಸ ಉಪ್ಪಾದ್ದರಿಂದ ಇನ್ನೂ ಕಹಿ ನೀರು ಒಸರುತ್ತಿತ್ತು. ಆ ಕಹಿ ನೀರನ್ನು ಸೋಯಾ ಹಾಲಿಗೆ ಬೆರೆಸಿದರೇ ತೋಫು ಹೆಪ್ಪುಗಟ್ಟುವುದು. ಅದನ್ನು ನನ್ನ ಬೆನ್ನಿಗೆ ಹಗ್ಗದಿಂದ ಬಿಗಿದಳು. ನಾನು ಮೆಲ್ಲಗೆ ಟ್ರಕ್ಕಿನ ಕೀಲಿಕೈಗೆ ಕೈ ಹಾಕಿದೆ.

“ಗಾಡಿ ಯಾಕೆ? ಅವರು ಗಾಡೀಲಿ ಹೋಗ್ತಿದ್ರಾ? ರಸ್ತೇನೂ ಬೇಡ. ನೆತ್ತಿಯ ದಾರಿ ಹಿಡೀರಿ.”

ಅಯ್ಯೋ ಆ ಏರು! ಎದೆಯಲ್ಲಿ ಇರುವ ಹಳೇ ಧೂಳೆಲ್ಲ ಎದ್ದು ಕುಣಿಯಿತು. ಹತ್ತು ಹೆಜ್ಜೆಗೊಮ್ಮೆ ನಿಂತೆ. ಉಪ್ಪಿನ ನೀರು ಬೆನ್ನಿನ ಮೇಲೆ ಹರಿದು ಚಡ್ಡಿಯ ತನಕ ಇಳಿಯಿತು. ಗುಡ್ಡದ ತುಂಬ ಗುಲಾಬಿ ಬಣ್ಣದ ಜಿಂದಾಲೆ ಹೂವು ಅರಳಿತ್ತು. ನೋಡುವ ಚೈತನ್ಯ ಯಾರಿಗಿತ್ತು? ಹಿಮ ಬಿದ್ದಾಗ, ಕತ್ತಲು ಹರಿಯುವ ಮೊದಲು, ತಲೆಯ ಮೇಲೆ ಬಿಸಿ ತಟ್ಟೆ ಹೊತ್ತು, ಹದಿನಾಲ್ಕು ವರ್ಷ. ಪುಸ್ತಕದಲ್ಲಿ ಈ ದಾರಿಗೆ ಅರ್ಧ ಪುಟ ಕೊಟ್ಟಿದ್ದ ನಾನು ಇದನ್ನು ಒಂದು ಸಲವೂ ಪೂರ್ತಿ ಹತ್ತಿರಲಿಲ್ಲ.

ನೆತ್ತಿಯಲ್ಲಿ ಚಾರಣದವರು ಹಾಕಿದ ಹಳೆಯ ಮರದ ಹಲಗೆಯೊಂದಿದೆ. ಮಾಲ್ಸುನ್ ನಿಂತು ಓದಿದಳು. “ತೋಫು ದಾರಿ. ಹಿಂದೆ ಇಲ್ಲಿ ತೋಫು ಮಾತ್ರ ತಿಂದು ತಪಸ್ಸು ಮಾಡಿದ ಸನ್ಯಾಸಿಯೊಬ್ಬರಿದ್ದರು...” ನನ್ನ ಕಡೆ ತಿರುಗಿದಳು. “ಈ ಸನ್ಯಾಸಿನೂ ನೀವೇ ಹುಟ್ಟಿಸಿದ್ದಾ?”

“ಹೂಂ.”

“ನಾನು ಹೆತ್ತಿದ್ದು ಒಂದು. ನೀವು ಎಷ್ಟು ಜನರನ್ನ ಹುಟ್ಟಿಸಿದೀರಿ ಮಾರಾಯ್ರೇ!” ಅವಳ ತುಟಿಯ ಅಂಚು ನಡುಗಿತು. ಅದು ನಗುವೋ ಸಿಟ್ಟೋ ತಿಳಿಯದೆ ನಾನು ಬೇಗ ಬೇಗ ಹೆಜ್ಜೆ ಹಾಕಿದೆ.

ಮೇಲ್ಕೇರಿಯಲ್ಲಿ ಒಕ್ನಾಮ್ ಅಕ್ಕ ಅಂಗಳದಲ್ಲಿ ಸೋಯಾ ಕಾಳು ಆರಿಸುತ್ತಿದ್ದಳು. ನಮ್ಮನ್ನು ಕಂಡು ಕೈ ನಿಲ್ಲಿಸಿದಳು. ನಾನು ಚೀಲ ಇಳಿಸಿ ಅಲ್ಲೇ ನೆಲಕ್ಕೆ ಕುಸಿದೆ. ಮಾಲ್ಸುನ್ ದಾರಿಯುದ್ದಕ್ಕೂ ಏನೋ ಮಾತು ಜೋಡಿಸಿಕೊಳ್ಳುತ್ತಾ ಬಂದಿದ್ದಳು. ತುಟಿ ಅಲುಗುವುದನ್ನು ನಾನು ನೋಡಿದ್ದೆ. ಈಗ ಅದೆಲ್ಲ ಎಲ್ಲಿ ಹೋಯಿತೋ.

“ಉಪ್ಪು ತಂದಿದೀನಿ,” ಎಂದಳು ಅಷ್ಟೇ.

ಅಕ್ಕ ಚೀಲವನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಮಾಲ್ಸುನ್‌ಳ ಮುಖ ನೋಡಿದಳು. ಮತ್ತೆ ಚೀಲ ನೋಡಿದಳು.

“ಇಷ್ಟೂ ಒಂದೇ ಸಲ ಎಸೀತೀಯಾ?” ಎಂದಳು. “ವಯಸ್ಸಾಗಿದೆ ಕಣೆ ನಂಗೆ. ಮೊದ್ಲಿನ ಹಾಗೆ ಒಂದೊಂದೇ ಹಿಡಿ ಎಸಿ.”

ಮಾಲ್ಸುನ್ ಫಕ್ಕನೆ ನಕ್ಕಳು. ನಗುತ್ತಾ ನಗುತ್ತಾನೇ ನಿಂತಲ್ಲೇ ಕುಕ್ಕರಿಸಿ, ಮುಖಕ್ಕೆ ಮುಂಗೈ ಒತ್ತಿಕೊಂಡು, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. “ಅಕ್ಕಾ,” ಎಂದಳು. ಐವತ್ತು ವರ್ಷ ಒಂದೇ ಊರಿನಲ್ಲಿದ್ದು ಅವಳು ಒಕ್ನಾಮ್‌ಳನ್ನು ಹಾಗೆ ಕರೆದದ್ದು ಅದೇ ಮೊದಲು. ಅಕ್ಕ ಮೊರವನ್ನು ಬದಿಗೆ ಸರಿಸಿ, ಅವಳ ಬೆನ್ನ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಚೀಲವನ್ನು ಒಳಗೆ ಹೊತ್ತು ಇಡುವಂತೆ ನನಗೆ ಸನ್ನೆ ಮಾಡಿದಳು.